ನಿನ್ನೆಯ ನೇರಪ್ರಸಾರ: ಕೊನೆಯ ಮೌನದೊಳಗೆ ಬ್ಯಾಂಡು ಬಾರಿಸಿದ್ದು ಯಾರು?

ಮೂರನೇ ಸಾಲು
ನಿನ್ನೆ ರಾತ್ರಿ ರೇಡಿಯೊದಲ್ಲಿ ಆರ್ಕೆಸ್ಟ್ರಾ ಕಛೇರಿಯ ನೇರಪ್ರಸಾರ ಕೇಳಿದವರು ಯಾರ್ಯಾರು ಇದ್ದೀರಿ? ಮೊದಲರ್ಧ ಬೀಥೋವನ್ನನ ಪಿಟೀಲು ಕನ್ಚರ್ಟೊ (ಒಬ್ಬರು ಪಿಟೀಲು ನುಡಿಸುತ್ತಾರೆ, ಆರ್ಕೆಸ್ಟ್ರಾ ಜೊತೆಗೂಡುತ್ತದೆ), ವಿರಾಮ ಆದ ಮೇಲೆ ಚೈಕೋವ್‌ಸ್ಕಿಯ ಆರನೇ ಸಿಂಫನಿ, ನಾಲ್ಕು ಭಾಗದ ದೊಡ್ಡ ಆರ್ಕೆಸ್ಟ್ರಾ ಕೃತಿ. ಕನ್ಚರ್ಟೊ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ನನ್ನ ಹೊಟ್ಟೆಯುರಿ ಕೇಳಿ.

ನಾನು ಮೊಬೈಲ್ ಆ್ಯಪಿನಲ್ಲಿ ಕೇಳುತ್ತಿದ್ದೆ. ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕೊನೆಯ ಭಾಗ ಮುಗಿಯುತ್ತಾ ಬಂತು. ಒಂದೊಂದೇ ವಾದ್ಯ ಸುಮ್ಮನಾಗಿ ತಗ್ಗು ದನಿಯ ತಂತಿವಾದ್ಯಗಳಾದ ಚೆಲ್ಲೊ, ಡಬಲ್ ಬೇಸ್ ಎರಡೇ ಉಳಿದವು. ಕೆಳಗೆ ಬೇಸ್‌ಗಳು ಎದೆ ಬಡಿದ ಹಾಗೆ ಮೆಲ್ಲಗೆ ಮಿಡಿಯುತ್ತಿದ್ದವು. ಸ್ವರ ನಿಂತಿತೋ ಇನ್ನೂ ಇದೆಯೋ ಅಂತ ಗೊತ್ತಾಗದ ಹೊತ್ತು. ನಾನು ಉಸಿರೇ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ತುತ್ತೂರಿ, ಡ್ರಮ್ಮು! ಕುಣಿಸುವಂಥ ಬ್ಯಾಂಡ್ ಸಂಗೀತ ಧಡಾರನೆ ಶುರುವಾಯಿತು. ಸುಮಾರು ಅರ್ಧ ನಿಮಿಷ ಬಾರಿಸಿ, ಹೇಗೆ ಬಂತೋ ಹಾಗೇ ಹೋಯಿತು. ಆಮೇಲೆ ಚಪ್ಪಾಳೆಯ ನಡುಭಾಗ ಕೇಳಿಸಿತು. ನಿರೂಪಕರು ಏನೂ ಆಗದವರ ಹಾಗೆ ಮಾತಾಡಿಕೊಂಡು ಹೋದರು.

ಇದು ನನಗೊಬ್ಬನಿಗೇ ಆಗಿದ್ದಾ?

ಹಳೇ ಟ್ರಾನ್ಸಿಸ್ಟರ್
ಬ್ಯಾಂಡಾ? ಎಲ್ಲಿಯ ಬ್ಯಾಂಡು ಮಾರಾಯರೇ? ನಾನು ಎಫ್ಎಂನಲ್ಲಿ ಕೇಳಿದೆ. ಕೊನೆಯ ಸ್ವರ ಆದ ಮೇಲೆ ಪೂರ್ತಿ ಮೌನ. ಎಷ್ಟು ಹೊತ್ತು ಅಂದರೆ, ರೇಡಿಯೊ ಕೆಟ್ಟಿತೇನೋ ಅಂತ ಹತ್ತಿರ ಹೋಗಿ ಕಿವಿ ಇಟ್ಟೆ. ಸಭಾಂಗಣದ ಗಾಳಿಯ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಆಮೇಲೆ ಒಬ್ಬರು ಮೆಲ್ಲಗೆ ಕೈ ತಟ್ಟಿದರು. ಆಮೇಲೆ ಎಲ್ಲರೂ.

ನನ್ನ ಹೊಟ್ಟೆಯುರಿ ಬೇರೆ. ಮೂರನೇ ಭಾಗ ಮುಗಿದ ಕೂಡಲೇ ಚಪ್ಪಾಳೆ ಹೊಡೆದರಲ್ಲ ಆ ಜನ, ಅವರಿಗೆ ಏನು ಹೇಳೋಣ?

ಅರ್ಧನಿದ್ದೆ
ಇಬ್ಬರೂ ಕ್ಷಮಿಸಬೇಕು. ಇಂಥ ಸಂಗೀತ ಕೇಳಿದ್ದು ನಾನು ಇದೇ ಮೊದಲು. ಎರಡು ತಪ್ಪೊಪ್ಪಿಗೆ ಇದೆ.

ಒಂದು. ಕನ್ಚರ್ಟೊ ಶುರುವಿನಲ್ಲಿ ಡಬ್, ಡಬ್, ಡಬ್, ಡಬ್ ಅಂತು. ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅಂತ ಎದ್ದು ಹೋಗಿ ತೆಗೆದೆ. ಯಾರೂ ಇರಲಿಲ್ಲ.

ಎರಡು. ಸಿಂಫನಿಯಲ್ಲಿ ಮೂರನೇ ಭಾಗದ ಆ ಮಾರ್ಚ್ (ಸೈನಿಕರ ನಡಿಗೆಯಂಥ ಸಂಗೀತ) ಭರ್ಜರಿಯಾಗಿ ಮುಗಿದು ಚಪ್ಪಾಳೆ ಬಿತ್ತಲ್ಲ, ಕಾರ್ಯಕ್ರಮ ಮುಗಿಯಿತು ಅಂದುಕೊಂಡು ಆಫ್ ಮಾಡಿ ಮಲಗಿಬಿಟ್ಟೆ. ಬಹಳ ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಈ ಚರ್ಚೆ ನೋಡಿದರೆ ಇನ್ನೂ ಒಂದು ಭಾಗ ಇತ್ತಂತೆ, ಅದೂ ಅಳಿಸುವಂಥದ್ದಂತೆ!

ಚೆಲ್ಲೊ ಕಲಿಕೆ
ಅರ್ಧನಿದ್ದೆ, ನೀವು ಬಾಗಿಲು ತೆಗೆದ ವಿಷಯ ಓದಿ ಒಬ್ಬಳೇ ನಕ್ಕೆ. ಆದರೆ ತಪ್ಪು ನಿಮ್ಮದಲ್ಲ. ಆ ಕನ್ಚರ್ಟೊ ಶುರುವಾಗುವುದೇ ಟಿಂಪನಿ ಅನ್ನುವ ನಗಾರಿ ಒಂದರಿಂದಲೇ. ನಾಲ್ಕು ಮೆಲುಪೆಟ್ಟು ಅದೊಂದೇ ಬಾರಿಸುತ್ತದೆ, ಐದನೆಯದಕ್ಕೆ ಓಬೊ ಮತ್ತು ಊದುವ ವಾದ್ಯದ ಗೆಳೆಯರು ಬಂದು ಸೇರುತ್ತಾರೆ. ಸಭಾಂಗಣದಲ್ಲಿ ಕೂತವರಿಗೆ ಬಾರಿಸುವವರ ಕೈ ಕಾಣುತ್ತದೆ. ರೇಡಿಯೊದಲ್ಲಿ ಅದು ಯಾರ ಮನೆಯ ಬಾಗಿಲಾದರೂ ಆಗಬಹುದು.

ಮಾರ್ಚ್ ಆದ ಮೇಲೆ ಆಫ್ ಮಾಡಿದ್ದೂ ನಿಮ್ಮೊಬ್ಬರ ಕಥೆಯಲ್ಲ. ಅದು ಮುಗಿಯುವ ರೀತಿಯೇ ಹಾಗಿದೆ. ಬೇರೆ ಯಾವ ಸಿಂಫನಿಯಾದರೂ ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಇಲ್ಲಿ ಮಾತ್ರ ಅದಾದ ಮೇಲೆ ನಿಧಾನದ ಭಾಗ ಬರುತ್ತದೆ.

ಚಪ್ಪಾಳೆ ಪಕ್ಷ
ಹಳೇ ಟ್ರಾನ್ಸಿಸ್ಟರ್ ಸರ್, ಚಪ್ಪಾಳೆ ಹೊಡೆದವರ ಮೇಲೆ ಯಾಕೆ ಸಿಟ್ಟು? ನಡುನಡುವೆ ಕೈ ತಟ್ಟಬಾರದು ಅನ್ನುವ ನಿಯಮ ಆಮೇಲೆ ಬಂದಿದ್ದು. 1813ರಲ್ಲಿ ಬೀಥೋವನ್ನನ ಏಳನೇ ಸಿಂಫನಿ ಮೊದಲ ಸಲ ನುಡಿಸಿದಾಗ ಜನ ಎರಡನೇ ಭಾಗವನ್ನು ಅಲ್ಲೇ ಮತ್ತೊಮ್ಮೆ ನುಡಿಸಿ ಅಂದರು, ನುಡಿಸಿದರು ಕೂಡ. ಮೊಜಾರ್ಟ್ 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ, ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ಹೊಡೆದರು ಅಂತ ಖುಷಿಯಿಂದ ಹೇಳಿಕೊಳ್ಳುತ್ತಾನೆ. ಭಾಗದ ಕೊನೆಯಲ್ಲಿ ಅಲ್ಲ, ನಡುವೆಯೇ! ನಿನ್ನೆಯ ಜನ ಪಾಪ, ಮುಗಿಯುವ ತನಕ ಆದರೂ ಕಾದರು.

ಹಳೇ ಟ್ರಾನ್ಸಿಸ್ಟರ್
ಆಗಿನ ಕಾಲ ಬೇರೆ. ಮೇಣದ ಬತ್ತಿಯೂ ಇತ್ತು, ಈಗ ಹಚ್ಚುತ್ತೀವಾ? ಮಾರ್ಚಿನ ಕೊನೆಯ ಪೆಟ್ಟು ಬಿದ್ದ ಕೂಡಲೇ ನಾಲ್ಕನೇ ಭಾಗದ ಮೊದಲ ನಿಟ್ಟುಸಿರು ಬರಬೇಕು. ಹಾಗೆ ಆದರೆ ಮೈ ಜುಂ ಅನ್ನುತ್ತದೆ. ನಿನ್ನೆ ನಡುವೆ ಇಪ್ಪತ್ತು ಸೆಕೆಂಡು ಗದ್ದಲ.

ಚೆಲ್ಲೊ ಕಲಿಕೆ
ಸರ್, ನನಗೆ ಇದರಲ್ಲಿ ಎರಡು ಮನಸ್ಸು. ಚಪ್ಪಾಳೆ ಹೊಡೆದವರು ಗೆದ್ದೆವು ಅಂದುಕೊಂಡು ಹೊಡೆಯುತ್ತಾರೆ. ಆ ಸದ್ದಿನ ಮೇಲೇ ಆ ಅಳು ಶುರುವಾದರೆ ಅದೂ ಒಂದು ಥರ ಇರಿಯುತ್ತದೆ. ಈ ಸಿಂಫನಿಯನ್ನು 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೋವ್‌ಸ್ಕಿ ತಾನೇ ನಿಂತು ನಡೆಸಿದ. ಒಂಬತ್ತು ದಿನಕ್ಕೆ ತೀರಿಕೊಂಡ. ಅದು ಗೊತ್ತಿದ್ದವರಿಗೆ ಆ ಚಪ್ಪಾಳೆ ಇನ್ನೂ ಕಷ್ಟ ಕೊಡುತ್ತದೆ.

ಲಯಗಾತಿ
ಎಲ್ಲರೂ ಮೂರು ನಾಲ್ಕರಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ. ಎರಡನೇ ಭಾಗ ಯಾರೂ ಕೇಳಲಿಲ್ವಾ? ವಾಲ್ಟ್ಸ್ (ಮೂರರ ಎಣಿಕೆಯ ಕುಣಿತ) ಅಂತ ಅಂದುಕೊಂಡು ತೊಡೆಯ ಮೇಲೆ ಮೂರು ಮೂರು ತಟ್ಟುತ್ತಾ ಹೋದೆ, ಕೂಡಲೇ ಇಲ್ಲ. ನಾಲ್ಕು ಹಾಕಿದೆ, ಅದೂ ಇಲ್ಲ. ಆಮೇಲೆ ಹೊಳೆಯಿತು, ಐದು! ತಕ ತಕಿಟ, ತಕ ತಕಿಟ. ಅಪ್ಪಟ ಖಂಡ ಚಾಪು ಎಣಿಕೆ. ಅಲ್ಲಿಂದ ಆಚೆ ಕೈ ತಾನಾಗಿ ಹೋಯಿತು. ಕುಂಟುವ ವಾಲ್ಟ್ಸ್ ಅಂತ ಅದನ್ನು ಕರೆಯುವವರಿದ್ದಾರೆ. ಐದರ ಎಣಿಕೆ ಗೊತ್ತಿರುವವರಿಗೆ ಅದು ಕುಂಟುವುದೇ ಇಲ್ಲ, ತೇಲುತ್ತದೆ.

ಮೂರನೇ ಸಾಲು
ತಕ ತಕಿಟ ಹಾಕಿ ನೋಡಿದೆ. ಹೌದು ರೀ, ಚೆನ್ನಾಗಿ ಕೂರುತ್ತದೆ.

ಆದರೆ ಬ್ಯಾಂಡ್ ವಿಷಯ ಮರೆಯಬೇಡಿ. ಆ್ಯಪಿನಲ್ಲಿ ಕೇಳಿದವರು ಬೇರೆ ಯಾರಾದರೂ ಇದ್ದೀರಾ?

ಚೆಲ್ಲೊ ಕಲಿಕೆ
ನಾನೂ ಆ್ಯಪೇ. ನನಗೂ ಬ್ಯಾಂಡ್ ಬಂತು. ಅದಕ್ಕಿಂತ ಕೆಟ್ಟ ಸುದ್ದಿ ಹೇಳಲಾ? ನಾನು ಸ್ಕೋರ್ (ಸ್ವರ ಬರೆದ ಪುಸ್ತಕ) ತೆರೆದಿಟ್ಟುಕೊಂಡು ಬೆರಳಿಟ್ಟು ನೋಡುತ್ತಿದ್ದೆ. ಬ್ಯಾಂಡ್ ಬಂದಾಗ ನನ್ನ ಬೆರಳು ಇನ್ನೂ ಕೊನೆಯ ಗೆರೆ ಮುಟ್ಟಿರಲಿಲ್ಲ. ಚೆಲ್ಲೊಗಳು ಇನ್ನೂ ನುಡಿಸುತ್ತಿದ್ದರು! ನಾವು ಮೌನ ಅಷ್ಟೇ ಕಳೆದುಕೊಂಡಿದ್ದಲ್ಲ, ಕೊನೆಯ ಸ್ವರವೂ ಹೋಯಿತು.

ಫೇಡರ್
ನಾನು ವರ್ಷಾನುಗಟ್ಟಲೆ ರೇಡಿಯೊ ಕಂಟ್ರೋಲ್ ರೂಮಿನಲ್ಲಿ ಕೂತವನು. ನಿನ್ನೆಯ ಪ್ರಸಾರದಲ್ಲಿ ನನ್ನ ಕೈ ಇಲ್ಲ, ಆದ್ದರಿಂದ ಇದು ಊಹೆ. ಆದರೂ ಅಡ್ಡ ಬೀಳುವ ಊಹೆ ಅಲ್ಲ ಅಂದುಕೊಂಡಿದ್ದೇನೆ.

ರೇಡಿಯೊದವರಿಗೆ ಎಲ್ಲಕ್ಕಿಂತ ಭಯ ಯಾವುದು ಗೊತ್ತಾ? ಸದ್ದಿಲ್ಲದಿರುವುದು. ಡೆಡ್ ಏರ್ ಅನ್ನುತ್ತೇವೆ. ಅದಕ್ಕೇ ಒಂದು ಕಾವಲು ಯಂತ್ರ ಇಟ್ಟಿರುತ್ತಾರೆ. ಸದ್ದು ಇಂತಿಷ್ಟು ಮಟ್ಟಕ್ಕಿಂತ ಕೆಳಗೆ ಹೋಗಿ, ಇಂತಿಷ್ಟು ಸೆಕೆಂಡು ಅಲ್ಲೇ ಇದ್ದರೆ, ಲೈನು ಕಡಿಯಿತು ಅಂತ ಅದು ತೀರ್ಮಾನಿಸಿ ತುರ್ತು ಸಂಗೀತ ಹಾಕುತ್ತದೆ. ತುರ್ತು ಸಂಗೀತ ಸಾಮಾನ್ಯವಾಗಿ ಉಲ್ಲಾಸದ್ದೇ. ಸದ್ದು ಮತ್ತೆ ಬಂದರೆ ತಾನೇ ಹಿಂದೆ ಸರಿಯುತ್ತದೆ. ನಿಮ್ಮ ಬ್ಯಾಂಡ್ ಬಂದು ಹೋದದ್ದು ಸರಿಯಾಗಿ ಹೀಗೇ. ಚಪ್ಪಾಳೆ ಜೋರಾದ ಮೇಲೆ ಸರಿಯಿತು.

ಯಂತ್ರಕ್ಕೆ ಚೈಕೋವ್‌ಸ್ಕಿ ಗೊತ್ತಿಲ್ಲ. ನಾಲ್ಕು ಪಿ ಬರೆದ ಸ್ವರ (ಪಿ ಅಂದರೆ ಮೆಲ್ಲಗೆ, ಹೆಚ್ಚಿದಷ್ಟೂ ಇನ್ನೂ ಮೆಲ್ಲಗೆ) ಅದರ ಲೆಕ್ಕಕ್ಕೆ ಕಡಿದ ತಂತಿ.

ಹಳೇ ಟ್ರಾನ್ಸಿಸ್ಟರ್
ಹಾಗಾದರೆ ನನ್ನ ಎಫ್ಎಂನಲ್ಲಿ ಯಾಕೆ ಬರಲಿಲ್ಲ?

ಫೇಡರ್
ಅದೇ ತಮಾಷೆ ಇರುವುದು ಸರ್. ಎಫ್ಎಂಗೆ ಹೋಗುವ ಮೊದಲು ಸದ್ದು ಒಂದು ಕಂಪ್ರೆಸರ್ ಮೂಲಕ ಹಾದು ಹೋಗುತ್ತದೆ. ಕಾರಿನಲ್ಲಿ, ಗಲಾಟೆಯಲ್ಲಿ ಕೇಳುವವರಿಗೂ ಕೇಳಿಸಲಿ ಅಂತ ಅದು ಮೆಲುಸದ್ದನ್ನು ಎತ್ತುತ್ತದೆ, ಜೋರುಸದ್ದನ್ನು ಅದುಮುತ್ತದೆ. ಕೊನೆಯಲ್ಲಿ ಚೆಲ್ಲೊ ಇಳಿಯುತ್ತಾ ಹೋದ ಹಾಗೆ ಕಂಪ್ರೆಸರ್ ಮಟ್ಟ ಏರಿಸುತ್ತಾ ಹೋಗಿರುತ್ತದೆ. ನೀವು ಕಿವಿ ಇಟ್ಟು ಕೇಳಿದ ಸಭಾಂಗಣದ ಗಾಳಿ ಇದೆಯಲ್ಲ, ಅದು ಹಾಗೆ ಎತ್ತಿ ಕೊಟ್ಟದ್ದು. ಕಾವಲು ಯಂತ್ರಕ್ಕೆ ಆ ಗಾಳಿಯೇ ಸಾಕು, ಲೈನು ಜೀವಂತ ಇದೆ ಅನ್ನಲಿಕ್ಕೆ. ಜೊತೆಗೆ, ಇಂಥ ಕಛೇರಿ ಇದ್ದಾಗ ಎಫ್ಎಂ ಕಡೆಯ ಕಾವಲನ್ನು ಯಾರಾದರೂ ಕೈಯಾರೆ ಆಫ್ ಮಾಡಿರುವ ಸಾಧ್ಯತೆಯೂ ಇದೆ.

ಆ್ಯಪಿಗೆ ಹೋಗುವ ದಾರಿ ಬೇರೆ. ಅಲ್ಲಿ ಒತ್ತುವುದು ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಸದ್ದು ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಮೆಲುಸದ್ದು ನಿಜಕ್ಕೂ ಮೆಲುಸದ್ದೇ. ಅಲ್ಲಿನ ಕಾವಲು ಸರ್ವರ್ ಒಳಗೆ ಎಲ್ಲೋ ಇರುತ್ತದೆ, ಅದನ್ನು ಆಫ್ ಮಾಡಬೇಕು ಅಂತ ಯಾರಿಗೂ ನೆನಪಾಗಿರುವುದಿಲ್ಲ.

ಮೂರನೇ ಸಾಲು
ಅಂದರೆ, ಒಳ್ಳೇ ಸದ್ದು ಬೇಕು ಅಂತ ಆ್ಯಪು, ಹೆಡ್‌ಫೋನು ಎಲ್ಲಾ ಹೊಂದಿಸಿಕೊಂಡು ಕೂತ ನನಗೆ ಬ್ಯಾಂಡು. ಅದುಮಿದ ಸದ್ದು ಕೇಳಿದ ಹಳೇ ಟ್ರಾನ್ಸಿಸ್ಟರ್ ಅವರಿಗೆ ಪೂರ್ತಿ ಮೌನ!

ಹಳೇ ಟ್ರಾನ್ಸಿಸ್ಟರ್
ನಾನೇನೂ ಹೇಳಲ್ಲಪ್ಪ. ಸುಮ್ನೆ ನಗುತ್ತಾ ಕೂತಿದ್ದೇನೆ.

ಚಪ್ಪಾಳೆ ಪಕ್ಷ
ಸರ್ ಜಾಸ್ತಿ ನಗಬೇಡಿ. ಸಿಂಫನಿಯ ಮೊದಲ ಭಾಗದ ನಡುವೆ ನಿಮಗೆ ಏನು ಸಿಕ್ಕಿತು ಹೇಳಿ. ಆ ಪಿಸುಮಾತು ಆದ ಮೇಲೆ ಸಿಡಿಲು ಬೀಳುತ್ತದಲ್ಲ, ಅಲ್ಲಿ ಬೆಚ್ಚಿಬಿದ್ದಿರಾ?

ಹಳೇ ಟ್ರಾನ್ಸಿಸ್ಟರ್
ಸಿಡಿಲಾ? ಜೋರಾಯಿತು, ಹೌದು. ಬೆಚ್ಚುವಷ್ಟು ಏನಿಲ್ಲ.

ಚಪ್ಪಾಳೆ ಪಕ್ಷ
ನೋಡಿ! ನನಗೆ ಆ್ಯಪಿನಲ್ಲಿ ಹೃದಯ ಬಾಯಿಗೆ ಬಂತು. ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸಿದ್ದೆ, ಅದೇ ತಪ್ಪಾಯಿತು. ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದೆ.

ಚೆಲ್ಲೊ ಕಲಿಕೆ
ಆ ಪಿಸುಮಾತಿಗೆ ಚೈಕೋವ್‌ಸ್ಕಿ ಬರೆದಿರುವುದು ಆರು ಪಿ. ಆರು! ಬಾಸೂನ್ ಅನ್ನುವ ತಗ್ಗು ದನಿಯ ಊದುವ ವಾದ್ಯಕ್ಕೆ ಬರೆದದ್ದು. ಆದರೆ ಬಾಸೂನಿನಲ್ಲಿ ಅಷ್ಟು ಮೆಲ್ಲಗೆ ಅಷ್ಟು ಕೆಳಗೆ ಇಳಿಯುವುದು ಬಹಳ ಕಷ್ಟ, ಹಾಗಾಗಿ ಎಷ್ಟೋ ಆರ್ಕೆಸ್ಟ್ರಾಗಳು ಆ ನಾಲ್ಕು ಸ್ವರವನ್ನು ಬೇಸ್ ಕ್ಲಾರಿನೆಟ್‌ಗೆ ಕೊಡುತ್ತವೆ. ನಿನ್ನೆಯೂ ಬೇಸ್ ಕ್ಲಾರಿನೆಟ್ಟೇ ಇತ್ತು ಅಂತ ನನ್ನ ಕಿವಿ ಹೇಳುತ್ತದೆ. ಮೊದಲು ಕ್ಲಾರಿನೆಟ್ ಹೇಳುತ್ತಿದ್ದ ಮಾತನ್ನೇ ಅದೇ ದನಿಯಲ್ಲಿ ಕೆಳಗಿಳಿಸಿ ಮುಗಿಸಿದ ಹಾಗೆ, ಹೊಲಿಗೆಯೇ ಕಾಣಲಿಲ್ಲ. ಅದರ ಮರುಕ್ಷಣ ಇಡೀ ಆರ್ಕೆಸ್ಟ್ರಾ ಮೈಮೇಲೆ ಬೀಳುತ್ತದೆ. ಇವೆರಡರ ನಡುವಿನ ಅಂತರವೇ ಆ ಜಾಗ. ಅದುಮಿಬಿಟ್ಟರೆ ಅಲ್ಲಿ ಉಳಿಯುವುದು ಸ್ವರ ಮಾತ್ರ.

ಫೇಡರ್
ಸರಿಯಾಗಿ ಹೇಳಿದಿರಿ ಮೇಡಂ. ಎಫ್ಎಂನವರು ಸಿಡಿಲನ್ನು ಕಳೆದುಕೊಂಡರು, ಮೌನ ಸಿಕ್ಕಿತು. ಆ್ಯಪಿನವರಿಗೆ ಸಿಡಿಲು ಸಿಕ್ಕಿತು, ಮೌನ ಹೋಯಿತು.

ಲಯಗಾತಿ
ಎರಡನ್ನೂ ಕೇಳಿದವಳು ನಾನು! ಅಡುಗೆಮನೆಯಲ್ಲಿ ಅಮ್ಮ ಎಫ್ಎಂ ಹಾಕಿದ್ದರು, ನನ್ನ ಕೋಣೆಯಲ್ಲಿ ಆ್ಯಪು. ಆ್ಯಪು ಎಫ್ಎಂಗಿಂತ ಅರ್ಧ ನಿಮಿಷ ಹಿಂದೆ. ನನ್ನ ಕೋಣೆಯಲ್ಲಿ ಮಾರ್ಚ್ ಇನ್ನೂ ಓಡುತ್ತಿದೆ, ಅಡುಗೆಮನೆಯಲ್ಲಿ ಆಗಲೇ ಚಪ್ಪಾಳೆ. ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಾಗಿಬಿಟ್ಟಿತು. ಅಮ್ಮ ಅಲ್ಲಿಂದಲೇ "ಮುಗೀತಾ?" ಅಂದರು. "ಇನ್ನೂ ಇದೆ" ಅಂತ ಕೂಗಿದೆ. ಅರ್ಧನಿದ್ದೆ ಅವರ ಮನೆಯಲ್ಲಿ ಕೂಗಿ ಹೇಳುವವರು ಯಾರೂ ಇರಲಿಲ್ಲ ಪಾಪ.

ಹಳೇ ಟ್ರಾನ್ಸಿಸ್ಟರ್
ನಮ್ಮ ಕಾಲದ ರೇಡಿಯೊದಲ್ಲಿ ಈ ಅರ್ಧ ನಿಮಿಷದ ರಗಳೆ ಇರಲಿಲ್ಲ. ಲೆಕ್ಕ ಹಾಕಿ ನೋಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದೆ ಕೂತವರಿಗೆ ಅದು ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ರೇಡಿಯೊ ಅಲೆ 30,000 ಕಿಲೋಮೀಟರ್ ಹೋಗಿರುತ್ತದೆ. ಸಾವಿರಾರು ಮೈಲಿ ದೂರದ ಮನೆಯಲ್ಲಿ ಕೂತವನು ಹಿಂದಿನ ಸಾಲಿನವನಿಗಿಂತ ಮೊದಲು ಕೇಳುತ್ತಿದ್ದ!

ಮೂರನೇ ಸಾಲು
ಇದನ್ನು ಓದಿ ಎರಡು ಸಲ ಲೆಕ್ಕ ಮಾಡಿದೆ. ಸರಿ ಇದೆ.

ಹೆಡ್‌ಫೋನ್ ಬಗ್ಗೆ ಒಂದು ಪ್ರಶ್ನೆ. ನಾಲ್ಕನೇ ಭಾಗ ಶುರುವಾದಾಗ ಪಿಟೀಲಿನ ಒಂದು ಸ್ವರ ಎಡಗಿವಿಗೆ, ಮುಂದಿನದು ಬಲಗಿವಿಗೆ, ಮತ್ತೆ ಎಡಕ್ಕೆ. ಪಿನ್ ಸಡಿಲ ಆಗಿದೆ ಅಂತ ಕಿತ್ತು ಹಾಕಿದೆ. ಆಮೇಲೂ ಹಾಗೇ. ಇದೂ ಯಂತ್ರದ ಕೆಲಸವಾ?

ಚೆಲ್ಲೊ ಕಲಿಕೆ
ಅಯ್ಯೋ, ಅಲ್ಲ! ನಿನ್ನೆಯ ಪ್ರಸಾರದ ಅತಿ ಚೆಂದದ ಜಾಗ ಅದು. ನೀವು ಪಿನ್ ಅಲ್ಲಾಡಿಸುತ್ತಾ ಕೂತಿರಿ!

ಆ ರಾಗವನ್ನು ಚೈಕೋವ್‌ಸ್ಕಿ ಯಾರಿಗೂ ಪೂರ್ತಿ ಕೊಟ್ಟಿಲ್ಲ. ಒಂದು ಸ್ವರ ಮೊದಲ ಪಿಟೀಲುಗಳಿಗೆ, ಮುಂದಿನದು ಎರಡನೇ ಪಿಟೀಲುಗಳಿಗೆ, ಹೀಗೆ ಹಂಚಿದ್ದಾನೆ. ಒಂದು ಗುಂಪು ನುಡಿಸುವುದನ್ನು ಬೇರೆ ಮಾಡಿ ಕೇಳಿದರೆ ರಾಗವೇ ಇರುವುದಿಲ್ಲ, ಎಲ್ಲೆಲ್ಲೋ ಹಾರುವ ಸ್ವರಗಳು ಅಷ್ಟೇ. ಎರಡೂ ಸೇರಿದಾಗ ನಮ್ಮ ಕಿವಿಯಲ್ಲಿ ರಾಗ ಹುಟ್ಟುತ್ತದೆ. ಎರಡು ಗುಂಪೂ ಎಡಕ್ಕೇ ಕೂತಿದ್ದರೆ ಇದು ಗೊತ್ತೇ ಆಗುವುದಿಲ್ಲ. ನಿನ್ನೆಯ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸಿದವರು) ಎರಡನೇ ಪಿಟೀಲುಗಳನ್ನು ಬಲಗಡೆ ಕೂರಿಸಿದ್ದಿರಬೇಕು, ಹಳೇ ಪದ್ಧತಿಯ ಹಾಗೆ. ಹಾಗಾಗಿ ನಿಮ್ಮ ತಲೆಯೊಳಗೆ ಎಡಬಲ ಆಡಿತು. ಅದೇ ರಾಗ ಆಮೇಲೆ ತಿರುಗಿ ಬರುವಾಗ ಪೂರ್ತಿ ಮೊದಲ ಪಿಟೀಲುಗಳಿಗೇ ಕೊಟ್ಟಿದ್ದಾನೆ. ಆಗ ಎಡಗಿವಿಯಲ್ಲೇ ನಿಂತಿತ್ತು, ಗಮನಿಸಿದಿರಾ?

ಮೂರನೇ ಸಾಲು
ಗಮನಿಸಿದೆ. ಪಿನ್ ಸರಿಯಾಯಿತು ಅಂದುಕೊಂಡೆ.

ಫೇಡರ್
😀 ಈ ಮಾತಿಗೆ ಬಹುಮಾನ ಕೊಡಬೇಕು.

ಮೈಕಿನವರನ್ನೂ ಹೊಗಳಬೇಕು. ಕಂಡಕ್ಟರ್ ತಲೆಯ ಮೇಲ್ಗಡೆ ಮುಖ್ಯ ಮೈಕುಗಳು ಇರುತ್ತವೆ, ಎಡಬಲದ ಚಿತ್ರ ಬರುವುದು ಅಲ್ಲಿಂದ. ಹಿಂದೆ ಕೂತ ಓಬೊ, ಬಾಸೂನ್ ಮುಂತಾದವಕ್ಕೆ ಹತ್ತಿರದಲ್ಲಿ ಬೇರೆ ಮೈಕು. ಹತ್ತಿರದ ಮೈಕನ್ನು ಹಾಗೇ ಬೆರೆಸಿದರೆ ಬಾಸೂನ್ ಪಿಟೀಲಿಗಿಂತ ಮುಂದೆ ಬಂದು ಕೂತ ಹಾಗೆ ಕೇಳುತ್ತದೆ. ಅದಕ್ಕೆ ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡಿನಂತೆ ತಡ ಮಾಡಿ ಬೆರೆಸುತ್ತಾರೆ. ನಿನ್ನೆ ಆ ಕೆಲಸ ಅಚ್ಚುಕಟ್ಟಾಗಿತ್ತು. ಯಾವ ವಾದ್ಯವೂ ಮೂಗಿನ ಮುಂದೆ ಬರಲಿಲ್ಲ.

ಹಳೇ ಟ್ರಾನ್ಸಿಸ್ಟರ್
ಕೆಮ್ಮು ಮಾತ್ರ ಬಂತು. ಕೊನೆಯ ಭಾಗದಲ್ಲಿ ಟ್ಯಾಮ್‌ಟ್ಯಾಮ್ ಅನ್ನುವ ದೊಡ್ಡ ಜಾಗಟೆಯ ಒಂದೇ ಒಂದು ಪೆಟ್ಟು ಬೀಳುತ್ತದೆ, ಇಡೀ ಸಿಂಫನಿಗೆ ಅದೊಂದೇ. ಮೆಲ್ಲಗೆ. ಸರಿಯಾಗಿ ಅದರ ಮೇಲೆ ಒಬ್ಬ ಮಹಾನುಭಾವ ಕೆಮ್ಮಿದ.

ಫೇಡರ್
ಅದಕ್ಕೂ ಕಂಪ್ರೆಸರ್ ಸ್ವಲ್ಪ ಕಾರಣ ಸರ್, ಮೆಲುಜಾಗದಲ್ಲಿ ಕೆಮ್ಮನ್ನೂ ಎತ್ತಿ ಕೊಡುತ್ತದೆ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನವರು ಒಮ್ಮೆ ಅಳತೆ ಮಾಡಿ ಕಾರ್ಯಕ್ರಮದ ಪುಸ್ತಿಕೆಯಲ್ಲೇ ಅಚ್ಚು ಹಾಕಿದ್ದರು. ಹಾರ್ನ್ ಸಾಧಾರಣ ಜೋರಿನಲ್ಲಿ ನುಡಿಸಿದರೆ ಸುಮಾರು 65 ಡೆಸಿಬಲ್. ಬಾಯಿ ಮುಚ್ಚದ ಒಂದು ಕೆಮ್ಮೂ ಅಷ್ಟೇ. ಕರವಸ್ತ್ರ ಹಿಡಿಯಿರಿ ಅಂತ ವಿನಂತಿ.

ಚಪ್ಪಾಳೆ ಪಕ್ಷ
ಮೌನ ಅಂದರೆ ರೇಡಿಯೊದವರಿಗೆ ಭಯ ಅಂದಿರಲ್ಲ ಫೇಡರ್, ಅದಕ್ಕೆ ಹಳೇ ಉದಾಹರಣೆ ಇದೆ. ಕಂಡಕ್ಟರ್ ಟೊಸ್ಕಾನಿನಿ ಅಮೆರಿಕದ ಎನ್‌ಬಿಸಿ ರೇಡಿಯೊದ ಆರ್ಕೆಸ್ಟ್ರಾ ಜೊತೆ ನಡೆಸಿದ ಕೊನೆಯ ನೇರಪ್ರಸಾರ, 1954ರ ಏಪ್ರಿಲ್ 4. ಆಗ ಅವನಿಗೆ 87 ವರ್ಷ. ವ್ಯಾಗ್ನರ್‌ನ ಟಾನ್‌ಹಾಯ್ಸರ್ ಸಂಗೀತದ ನಡುವೆ ನೆನಪು ಕೈಕೊಟ್ಟಿತು. ಕಂಟ್ರೋಲ್ ರೂಮಿನವರು ಗಾಬರಿಬಿದ್ದು ಪ್ರಸಾರ ಕತ್ತರಿಸಿ ಬ್ರಾಮ್ಸ್‌ನ ಮೊದಲ ಸಿಂಫನಿಯ ರೆಕಾರ್ಡ್ ಹಾಕಿದರು. ಅಲ್ಲಿ ಆರ್ಕೆಸ್ಟ್ರಾ ನಿಂತಿರಲಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಸಭಾಂಗಣಕ್ಕೆ ಬಂದರು. ಮನೆಯಲ್ಲಿ ಕೂತವರಿಗೆ ವ್ಯಾಗ್ನರ್ ನಡುವೆ ಬ್ರಾಮ್ಸ್!

ಫೇಡರ್
ಹೌದು, ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅವರದ್ದು ಮನುಷ್ಯರ ಗಾಬರಿ, ನಿನ್ನೆಯದ್ದು ಯಂತ್ರದ್ದು.

ತಯಾರಿ ಮಾಡಿಕೊಂಡವರೂ ಇದ್ದಾರೆ. 2004ರ ಜನವರಿಯಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಜಾನ್ ಕೇಜ್‌ನ 4 ನಿಮಿಷ 33 ಸೆಕೆಂಡಿನ ಕೃತಿಯನ್ನು ಲಂಡನ್ನಿನ ಬಾರ್ಬಿಕನ್‌ನಲ್ಲಿ ನುಡಿಸಿತು, ಅಂದರೆ ನುಡಿಸಲಿಲ್ಲ. ಅದರಲ್ಲಿ ಯಾವ ವಾದ್ಯವೂ ಸದ್ದು ಮಾಡುವ ಹಾಗಿಲ್ಲ. ಬಿಬಿಸಿಯ ರೇಡಿಯೊ 3 ವಾಹಿನಿ ಅದನ್ನು ಪ್ರಸಾರ ಮಾಡಿತು. ಅಷ್ಟು ಹೊತ್ತಿಗೆ ತುರ್ತು ವ್ಯವಸ್ಥೆಯನ್ನೇ ಆಫ್ ಮಾಡಿ ಇಡಬೇಕಾಯಿತು. ಸ್ಕೋರಿನಲ್ಲಿ ಮೌನ ಅಂತ ಬರೆದಿದ್ದರೆ ಎಲ್ಲರಿಗೂ ನೆನಪಿರುತ್ತದೆ. ಸಿಂಫನಿ ಮುಗಿದ ಮೇಲಿನ ಮೌನವನ್ನು ಯಾರೂ ಬರೆದಿರುವುದಿಲ್ಲವಲ್ಲ.

ಲಯಗಾತಿ
ಕನ್ಚರ್ಟೊ ಬಗ್ಗೆ ಆಮೇಲೆ ಅಂದವರು ಅದನ್ನು ಮರೆತೇಬಿಟ್ಟಿರಿ. ಕೆಡೆಂಜಾದಲ್ಲಿ ಪಿಟೀಲಿನ ಜೊತೆ ಟಿಂಪನಿ ಯಾಕೆ ಬಂತು? ಒಬ್ಬರೇ ನುಡಿಸುವ ಜಾಗ ಅಲ್ವಾ ಅದು?

ಚೆಲ್ಲೊ ಕಲಿಕೆ
ಬೀಥೋವನ್ ಪಿಟೀಲಿಗೆ ಕೆಡೆಂಜಾ ಬರೆದಿಡಲಿಲ್ಲ. ಆಮೇಲೆ ಅದೇ ಕನ್ಚರ್ಟೊವನ್ನು ಪಿಯಾನೊಗೆ ಬದಲಾಯಿಸಿದಾಗ ಬರೆದ, ಅದರಲ್ಲಿ ಟಿಂಪನಿ ಸೇರಿಸಿದ. ಕೆಲವರು ಅದನ್ನು ಪಿಟೀಲಿಗೆ ತಿರುಗಿಸಿಕೊಂಡು ನುಡಿಸುತ್ತಾರೆ. ನಿನ್ನೆಯದ್ದು ಅದು.

ಅರ್ಧನಿದ್ದೆ
ಓ, ಎರಡನೇ ಸಲ ಬಾಗಿಲು ಬಡಿದದ್ದು ಅದೇನಾ! ಆಗ ನಾನು ಏಳಲಿಲ್ಲ.

ಮೂರನೇ ಸಾಲು
ಎಲ್ಲರಿಗೂ ಒಂದು ಸುದ್ದಿ. ಮರುಪ್ರಸಾರ ಇವತ್ತು ಮಧ್ಯಾಹ್ನ. ರೆಕಾರ್ಡ್ ಆದದ್ದು ಕಂಟ್ರೋಲ್ ರೂಮಿನಲ್ಲಿ, ಹಾಗಾಗಿ ಬ್ಯಾಂಡ್ ಇರಲಾರದು ಅಂತ ಫೇಡರ್ ಖಾಸಗಿಯಾಗಿ ಹೇಳಿದರು. ಆದರೆ ಕಾವಲು ಯಂತ್ರ ಇನ್ನೂ ಅಲ್ಲೇ ಇದೆ. ನಾನಂತೂ ಈ ಸಲ ಎಫ್ಎಂ.

ಹಳೇ ಟ್ರಾನ್ಸಿಸ್ಟರ್
ಬನ್ನಿ ಬನ್ನಿ, ಜಾಗ ಇದೆ.

ಅರ್ಧನಿದ್ದೆ
ಕೇಳಿದೆ. ಪೂರ್ತಿ. ಮಾರ್ಚ್ ಆದ ಮೇಲೆ ಚಪ್ಪಾಳೆ ಬಿತ್ತು, ಕೈ ಸ್ವಿಚ್ಚಿನ ಹತ್ತಿರ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

ನಾಲ್ಕನೇ ಭಾಗದ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ನಿನ್ನೆ ಅಷ್ಟು ಖುಷಿಯಾಗಿ ಮಲಗಿದ್ದೆನಲ್ಲ, ಅದು ನೆನಪಾಗಿ ಒಂಥರಾ ಆಯಿತು.

ಕೊನೆಯಲ್ಲಿ ಎಣಿಸಿದೆ. ಹದಿನಾಲ್ಕು ಎಣಿಸುವ ತನಕ ಯಾರೂ ಕೈ ತಟ್ಟಲಿಲ್ಲ. ಒಂಬತ್ತಕ್ಕೆ ಟಕ್ ಅಂತ ಸಣ್ಣದೊಂದು ಸದ್ದಾಯಿತು. ಅದು ಅಲ್ಲಿಯದ್ದೋ ನಮ್ಮ ಮನೆಯದ್ದೋ ಗೊತ್ತಾಗಲಿಲ್ಲ. ಈ ಸಲ ಎದ್ದು ಹೋಗಿ ನೋಡಲಿಲ್ಲ.

ಹಳೇ ಟ್ರಾನ್ಸಿಸ್ಟರ್
ಅಲ್ಲಿಯದ್ದೇ. ನಿನ್ನೆ ರಾತ್ರಿ ನನಗೂ ಕೇಳಿಸಿತ್ತು.

ಚೆಲ್ಲೊ ಕಲಿಕೆ
ಯಾರೋ ಬಿಲ್ಲು ಕೆಳಗಿಳಿಸುವಾಗ ಸ್ಟ್ಯಾಂಡಿಗೆ ತಾಗಿರಬೇಕು.